ಕಿವಿಯಿಂದ ಓದುವವರ ಪರೀಕ್ಷೆ

ಪ್ರಶ್ನೆ: ಸರ್ಕಾರಿ ಜಾಲತಾಣಗಳನ್ನು ಪರೀಕ್ಷಿಸಲು ಸಾಫ್ಟ್‌ವೇರ್ ಇರುವಾಗ ಅಂಧರನ್ನೇ ಕರೆಸಬೇಕೇಕೆ?
– ಓದುಗರು, ಯಡಿಯೂರು

ಉತ್ತರ: ಚಿತ್ರಕ್ಕೆ ವಿವರಣೆ ಇದೆಯೇ ಎಂದು ಸಾಫ್ಟ್‌ವೇರ್ ಹೇಳಬಲ್ಲದು. ಅಲ್ಲಿ ‘ಚಿತ್ರ 1’ ಎಂದಷ್ಟೇ ಇದ್ದರೂ ಪಾಸು ಮಾಡೀತು! ಕನ್ನಡಕ್ಕೆ ಬೇರೆಯೇ ಪೇಚಿದೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಆದೇಶಗಳು ಕಣ್ಣಿಗೆ ಅಪ್ಪಟ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಅದನ್ನು ಓದಿದರೆ ತಲೆಬುಡವಿಲ್ಲದ ಸದ್ದು. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದರೆ ಆ ಸದ್ದೂ ಇಲ್ಲ. ಇಂಥದ್ದು ಕಿವಿಯಿಂದ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇಂಥ ತೊಡಕು ಕೋರ್ಟಿನವರೆಗೂ ಹೋಗಿದೆ. ಗ್ರಾಹಕರ ಗುರುತು ಪರಿಶೀಲನೆಗೆ (ಕೆವೈಸಿ) ಕಣ್ಣು ಮಿಟುಕಿಸಿ ಎನ್ನುವ ಆ್ಯಪ್ ಮುಂದೆ ಆಸಿಡ್ ದಾಳಿಗೊಳಗಾದವರು ಏನು ಮಾಡಬೇಕು? ಈ ಪ್ರಶ್ನೆ ಎತ್ತಿದ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗವೆಂದಿತು. ಬ್ಯಾಂಕ್ ಮುಂತಾದ ಸಂಸ್ಥೆಗಳು ಹೊಸ ಆ್ಯಪ್, ಜಾಲತಾಣಗಳ ಬಳಕೆ ಪರೀಕ್ಷೆಗೆ ಅಂಧರನ್ನು ಸೇರಿಸಿಕೊಳ್ಳಬೇಕೆಂದೂ ನಿರ್ದೇಶಿಸಿತು.

ನನ್ನ ಕೇಳಿದರೆ, ಅವರನ್ನು ಉದ್ಘಾಟನೆಯ ಹಿಂದಿನ ವಾರ ಕರೆದು ಪ್ರಯೋಜನವಿಲ್ಲ. ನಮೂನೆ ಸಿದ್ಧವಾಗುವಾಗಲೇ ಕರೆಯಬೇಕು, ಕೆಲಸಕ್ಕೆ ಸಂಭಾವನೆಯನ್ನೂ ಕೊಡಬೇಕು.