ಜನಾರೋಗ್ಯದ ಲೆಕ್ಕಕ್ಕೆ ನುರಿತ ದಾಖಲೆಗಾರರು ಬೇಕು

2025ರ ಮೇ ಅಂತ್ಯದಿಂದ ಹಾಸನ ಜಿಲ್ಲೆಯಲ್ಲಿ ಸಂಭವಿಸಿದ ಹಠಾತ್ ಸಾವುಗಳು ನಾಡಿನಾದ್ಯಂತ ಆತಂಕ ಮೂಡಿಸಿದವು. ಹೃದಯಾಘಾತ ಏಕಾಏಕಿ ಹೆಚ್ಚಿತೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ದಾಖಲೆಗಳಿಂದ. ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, 4 ಸಾವುಗಳಿಗೆ ಹೃದಯದ ಕಾಯಿಲೆ ಕಾರಣವಲ್ಲವೆಂದು ಗುರುತಿಸಿತು. ಅಸಹಜ ಏರಿಕೆಯೂ ಕಂಡುಬಂದಿಲ್ಲವೆಂದಿತು.

ಇಂತಹ ಪರಿಶೀಲನೆಗೆ ಆಧಾರ ಒದಗಿಸುವವರು ವೈದ್ಯಕೀಯ ದಾಖಲೆ ತಂತ್ರಜ್ಞರು. ಮರಣ ಕಾರಣ ಪತ್ರದಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಪ್ರತಿ ಸಾವಿನಲ್ಲೂ ಹೃದಯ ನಿಂತೇ ನಿಲ್ಲುತ್ತದೆ. ಮೂಲ ಕಾರಣವನ್ನು ವೈದ್ಯರಿಂದ ಖಚಿತಪಡಿಸಿಕೊಂಡು, ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಸಂಕೇತವನ್ನು ನಮೂದಿಸುವುದು ಅವರ ಕರ್ತವ್ಯ.

ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ಈ ವೃತ್ತಿಗೆ ಪ್ರವೇಶ ಕಲ್ಪಿಸುತ್ತದೆ. ಆದರೆ ಕಡತ ನಿರ್ವಹಣೆಯಷ್ಟೇ ಇಂದು ಸಾಲದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಆಸ್ಪತ್ರೆಗಳ ಮಾಹಿತಿಯನ್ನು ಒಗ್ಗೂಡಿಸಿ, ವಯಸ್ಸು ಮತ್ತು ಉದ್ಯೋಗವಾರು ವಿಂಗಡಿಸಿ, ಜನಸಂಖ್ಯೆಗೆ ಹೋಲಿಸಿ ದರವನ್ನು ಲೆಕ್ಕಹಾಕುವ ಸಂಖ್ಯಾಶಾಸ್ತ್ರದ ಜ್ಞಾನವೂ ಅವರಿಗೆ ಅಗತ್ಯ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಬೋಧಕ ಆಸ್ಪತ್ರೆಗಳು ಇಂತಹ ತರಬೇತಿಗೆ ಸೂಕ್ತ ತಾಣಗಳು.

ಹಠಾತ್ ಸಾವುಗಳ ವರದಿಯನ್ನು ಕಡ್ಡಾಯಗೊಳಿಸುವುದಾಗಿ 2025ರ ಜುಲೈನಲ್ಲಿ ಸರ್ಕಾರ ಪ್ರಕಟಿಸಿತು. ವರದಿಗಳು ಹೆಚ್ಚಿದಂತೆ ಅವನ್ನು ಓದಬಲ್ಲವರೂ ಹೆಚ್ಚಬೇಕು. ಕಾರ್ಮಿಕರ ಆರೋಗ್ಯವನ್ನೇ ನೆಚ್ಚಿರುವ ಉದ್ಯಮಿಗಳು ಸ್ಥಳೀಯ ಯುವಜನರ ಈ ಕಲಿಕೆಗೆ ನೆರವಾದರೆ, ಅದು ಜಿಲ್ಲೆಗೆ ಲಾಭದ ಹೂಡಿಕೆಯೇ ಸರಿ.