ಪರದೆಯಿಂದ ಮರೆಯಾದ ಕ್ಯಾಮೆರಾ

ಕಾರಿನ ಗಾಜಿಗೆ ಮೊಬೈಲ್ ಸಿಕ್ಕಿಸಿ ರಸ್ತೆಯ ವಿಡಿಯೊ ತೆಗೆಯುತ್ತಿರುವಾಗಲೇ ಮ್ಯಾಪ್ ತೆರೆಯಬೇಕಾಗುತ್ತದೆ. ಆಗ ರೆಕಾರ್ಡಿಂಗ್ ಏನಾಗುತ್ತದೆ? ಐಫೋನಿನಲ್ಲಿ ಸಾಮಾನ್ಯವಾಗಿ ನಿಂತುಬಿಡುತ್ತದೆ. ಆ್ಯಪ್ ಹಿನ್ನೆಲೆಗೆ ಸರಿದೊಡನೆ ಕ್ಯಾಮೆರಾ ಅದರ ಕೈತಪ್ಪುತ್ತದೆ.

ಆಂಡ್ರಾಯ್ಡ್‌ನಲ್ಲಿ ದಾರಿಯಿದೆ, ಷರತ್ತೂ ಇದೆ. 2018ರ ಆಂಡ್ರಾಯ್ಡ್ 9ರಿಂದ ಹಿನ್ನೆಲೆಯಲ್ಲಿ ಸುಮ್ಮನಿರುವ ಆ್ಯಪ್‌ಗಳಿಗೆ ಕ್ಯಾಮೆರಾ, ಮೈಕ್ ಎರಡೂ ಬಂದ್. ಹಾಗಾಗಿ ಡ್ಯಾಶ್‌ಕ್ಯಾಮ್ ಆ್ಯಪ್‌ಗಳು ‘ಫೋರ್‌ಗ್ರೌಂಡ್ ಸರ್ವಿಸ್’ ಬಳಸುತ್ತವೆ: ಆ್ಯಪ್ ಕಣ್ಣೆದುರಿಗಿರುವಾಗಲೇ ರೆಕಾರ್ಡಿಂಗ್ ಶುರುವಾಗಬೇಕು, ಅದರ ನೋಟಿಫಿಕೇಶನ್ ಕೂಡ ಇರಬೇಕು.

ಈ ಬಿಗಿ ಬೇಕೇ ಬೇಕು. ಗೊತ್ತಾಗದಂತೆ ಚಿತ್ರೀಕರಿಸುವ ಆ್ಯಪ್ ಮನೆಯೊಳಗೇ ಕೂತ ಗೂಢಚಾರನಂತೆ.

2020ರ ಐಓಎಸ್ 14, 2021ರ ಆಂಡ್ರಾಯ್ಡ್ 12 ಎರಡರಲ್ಲೂ ಕ್ಯಾಮೆರಾ ಚಾಲೂ ಆದರೆ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಮೂಡುತ್ತದೆ. ವಿಡಿಯೊ ತೆಗೆಯದಿದ್ದರೂ ಅದು ಕಂಡರೆ ಸೆಟ್ಟಿಂಗ್ಸ್‌ಗೆ ಹೋಗಿ, ಕಾರಣವಾದ ಆ್ಯಪ್‌ನ ಕ್ಯಾಮೆರಾ ಅನುಮತಿಯನ್ನು ತೆಗೆದುಹಾಕಬೇಕು.