ಎಳೆ ಜೋಳದ ವಿಷ ಯಾರಿಗಾಗಿ?



ಮಳೆ ಕೈಕೊಟ್ಟಾಗ ಎಳೆ ಜೋಳದ ಹೊಲಕ್ಕೆ ದನ ಬಿಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶಿರೋಳಿಯ ಸುತ್ತಮುತ್ತ ಈಗ ಕಬ್ಬು, ಸೋಯಾಬೀನೇ ಹೆಚ್ಚು. ಆದರೂ ಮೇವಿಗೆಂದು ಜೋಳ ಹಾಕುವ ಮನೆಗಳಿವೆ. ಆದ್ದರಿಂದ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ಆ ವಿಷ ದನಕ್ಕೆಂದು ಇಟ್ಟದ್ದಲ್ಲ, ಎಲೆ ತಿನ್ನುವ ಹುಳುಗಳಿಗೆ ಇಟ್ಟದ್ದು. ಜೋಳದ ಎಲೆಯ ಜೀವಕೋಶದಲ್ಲಿ ಧುರಿನ್ ಎಂಬ ವಸ್ತು ಒಂದು ಚೀಲದೊಳಗೆ ಇರುತ್ತದೆ. ಅದನ್ನು ಒಡೆಯುವ ಕಿಣ್ವ ಬೇರೆ ಕಡೆ ಇರುತ್ತದೆ. ಎಲೆಗೆ ಗಾಯವಾಗದಿದ್ದರೆ ಎರಡೂ ಸೇರುವುದಿಲ್ಲ. ಹುಳು ಕಚ್ಚಲಿ, ಎಮ್ಮೆ ಅಗಿಯಲಿ, ಎರಡೂ ಬೆರೆತು ಸಯನೈಡ್ ಹೊರಬೀಳುತ್ತದೆ. ಇದನ್ನು ಪರೀಕ್ಷಿಸಿದವರೂ ಇದ್ದಾರೆ. ಡೆನ್ಮಾರ್ಕಿನ ವಿಜ್ಞಾನಿಗಳು ಧುರಿನ್ ತಯಾರಿಸುವ ಜೋಳದ ವಂಶವಾಹಿಗಳನ್ನು ಸಾಸಿವೆ ಕುಲದ ಒಂದು ಚಿಕ್ಕ ಗಿಡಕ್ಕೆ ಸೇರಿಸಿದರು. ಆ ಗಿಡವನ್ನು ತಿನ್ನುತ್ತಿದ್ದ ದುಂಬಿ ಹಿಂದೆ ಸರಿಯಿತು. ಈ ವರದಿ 2001ರಲ್ಲಿ ಬಂತು. ಹಾಗೆಂದು ಇದು ಪೂರ್ತಿ ರಕ್ಷಣೆಯೇನಲ್ಲ. ಸುಳಿ ನೊಣ ಎಳೆ ಜೋಳಕ್ಕೇ ಬಂದು ಮುತ್ತುತ್ತದೆ.

ಟೊಮೆಟೊ ಗಿಡದ ರೀತಿ ಬೇರೆ. ಅದು ಗಾಯವಾದ ಮೇಲೆ ಸಿದ್ಧತೆ ಮಾಡಿಕೊಳ್ಳುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರೀನ್ ಮತ್ತು ಕ್ಲಾರೆನ್ಸ್ ರಯಾನ್ 1972ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ದುಂಬಿ ಒಂದು ಎಲೆಯನ್ನು ಕಡಿದರೆ, ಕಡಿಯದ ಎಲೆಗಳಲ್ಲೂ ಹುಳುವಿನ ಜೀರ್ಣಶಕ್ತಿ ಕೆಡಿಸುವ ಪ್ರೊಟೀನು ತುಂಬಿಕೊಳ್ಳುತ್ತದೆ. ಎಂದರೆ ಗಾಯದ ಸುದ್ದಿ ಗಿಡದೊಳಗೇ ಓಡಿದೆ. ನನ್ನಂಥ ಹಳೆಯ ಗುಮಾಸ್ತನಿಗೆ ಇದು ಕೆಳಗಿನ ಟೇಬಲ್ಲಿನಿಂದ ಮೇಲಿನ ಟೇಬಲ್ಲಿಗೆ ಹೋದ ತುರ್ತು ಟಪಾಲಿನಂತೆ ಕಾಣುತ್ತದೆ, ಆದರೆ ಇಲ್ಲಿ ಕೆಲಸ ಕೆಲವೇ ತಾಸಿನಲ್ಲಿ ಆಗುತ್ತದೆ! ಈ ಸುದ್ದಿಯಲ್ಲಿ ಜಾಸ್ಮೋನಿಕ್ ಆಮ್ಲದ ಪಾತ್ರ ದೊಡ್ಡದು. ಇದರದೇ ಒಂದು ರೂಪ ಜಾಜಿ ಹೂವಿನ ಎಣ್ಣೆಯ ಪರಿಮಳದಲ್ಲಿಯೂ ಇದೆ.

ಇನ್ನು ಜಾನುವಾರು ಇರುವವರಿಗೆ. ಎಳೆಯ ಪೈರು, ನೀರಿಲ್ಲದೆ ಕುಗ್ಗಿದ ಪೈರು, ಕೊಯ್ದ ಮೇಲೆ ಬರುವ ಕೂಳೆ ಚಿಗುರು, ಈ ಮೂರರಲ್ಲೂ ವಿಷ ಹೆಚ್ಚು. ಹೂ ಬಿಡುವ ಮೊದಲು ಹಸಿಯಾಗಿ ಹಾಕಬೇಡಿ. ಬಲಿತ ಪೈರನ್ನು ಕೊಯ್ದು ಚೆನ್ನಾಗಿ ಒಣಗಿಸಿದ ಕಣಿಕೆಗೆ ಈ ಭಯ ಬಹಳ ಕಡಿಮೆ. ಎಳೆ ಜೋಳ ತಿಂದ ದನ ಏದುಸಿರು ಬಿಟ್ಟು ತೂರಾಡಿದರೆ ಮನೆಮದ್ದು ಮಾಡುತ್ತ ಕೂರದೆ ಆ ಕ್ಷಣವೇ ಪಶುವೈದ್ಯರನ್ನು ಕರೆಸಿ, ತಿಂದದ್ದು ಜೋಳ ಎಂದು ಮೊದಲೇ ಹೇಳಿರಿ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಸಿಕ್ಕರೆ ದನ ಉಳಿಯಬಹುದು. ತಡವಾದರೆ ನಿಮಿಷಗಳಲ್ಲೇ ಜೀವ ಹೋಗುವುದುಂಟು.

– ಕಾರ್ಯದರ್ಶಿ